ಮುಖ ನೋಡಿ ಹೇಳಿದ ಸುದ್ದಿ

ಸಾವಿನ ಮನೆಯಿಂದ ಪೆಂಡಾಲಿನವನಿಗೆ ಬರುವ ಫೋನು ಮೂರು ಮಾತಿನಲ್ಲಿ ಮುಗಿಯುತ್ತದೆ ಎಂದು ನನಗೆ ಹೇಳಿಕೊಟ್ಟವನು ರಸೂಲಸಾಬ. ಪೆಂಡಾಲ ಹಾಕ್ರಿ, ಕುರ್ಚಿ ಐವತ್ತು ಕಳಸ್ರಿ, ಲಗೂ ಬರ್ರಿ. ಅಷ್ಟೇ. ಮದುವೆ ಮನೆಯವರು ತಿಂಗಳ ಮೊದಲೇ ಬಂದು ಕೂಡುತ್ತಾರೆ. ಕಮಾನಿನ ಬಟ್ಟೆ ಯಾವ ಬಣ್ಣದ್ದು, ದೊಡ್ಡ ಪಾತ್ರೆ ಎಷ್ಟು, ಲೈಟಿನ ಸರ ಓಣಿಯ ತಿರುವಿನ ತನಕ ಬರುತ್ತದೋ ಇಲ್ಲವೋ ಎಂದು ಎರಡು ಸಲ ಚಹಾ ಆಗುವ ತನಕ ಮಾತಾಡುತ್ತಾರೆ. ಸಾವಿನ ಮನೆಯವರು ಪಾತ್ರೆ ಕೇಳುವುದಿಲ್ಲ, ಲೈಟು ಕೇಳುವುದಿಲ್ಲ. ಅಂಥ ಫೋನು ಬಂದಾಗ ‘ಯಾಕ್ರಿ, ಏನಾತ್ರಿ’ ಎಂದು ತಿರುಗಿ ಕೇಳಬಾರದು ಎನ್ನುವುದು ಅವನ ಧಂದೆಯ ಮರ್ಯಾದೆಯಾಗಿತ್ತು.

“ಮಾಸ್ತರ, ಆ ಮಾತು ಅವರ ಬಾಯಿಂದ ಹೊರಡಸೂದು ನಮ್ಮ ಕೆಲಸ ಅಲ್ಲರಿ. ಅಡ್ರೆಸ್ ಬರಕೋಬೇಕು, ಹೂಂ ಅನಬೇಕು, ಗಾಡಿ ಬಿಡಬೇಕು” ಎನ್ನುತ್ತಿದ್ದ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ನನ್ನ ಮನೆಗೂ ಅವನ ಅಂಗಡಿಗೂ ನಡುವೆ ಎರಡು ಬಾಗಿಲು. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ನಾನು ಪೇಪರ್ ಓದುತ್ತಿದ್ದದ್ದು ಅವನ ಅಂಗಡಿಯ ಹಲಗೆಯ ಮೇಲೆ. ಕಬ್ಬಿಣದ ಪೈಪು ಹೊತ್ತು ಹೊತ್ತು ಅವನ ಎಡಭುಜ ಒಂದಿಷ್ಟು ಕೆಳಗಿಳಿದಿತ್ತು. ನಾಲ್ಕನೆಯ ಇಯತ್ತೆಯ ತನಕ ಓದಿದ್ದ. ಕನ್ನಡವನ್ನು ತುಟಿ ಅಲುಗಿಸುತ್ತ ಓದುತ್ತಿದ್ದ, ಬರೆಯಲು ನಾಚುತ್ತಿದ್ದ. ಆದರೂ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಪೆನ್ನು. ಅವನ ಪ್ರತಿ ಕುರ್ಚಿಯ ಬೆನ್ನಿಗೂ ಕೆಂಪು ಬಣ್ಣದಲ್ಲಿ ‘ರ.ಸಾ. ಬೆಂಗೇರಿ’ ಎಂದಿರುತ್ತಿತ್ತು. ಆ ಅಕ್ಷರಗಳ ಅಚ್ಚು ಕತ್ತರಿಸಿ ಕೊಟ್ಟವನು ನಾನು.

ಕಳೆದ ಫೆಬ್ರುವರಿಯಲ್ಲಿ ಅವನು ತೀರಿಕೊಂಡ. ಅವನಿಗೆ ಅರವತ್ತೊಂದು ವರ್ಷ. ಅವಳಿ ನಗರದಲ್ಲಿ ಅವನ ಹೆಸರು ಬಲ್ಲವರು ಸಾವಿರಕ್ಕೆ ಕಡಿಮೆ ಇಲ್ಲ. ಬಹಳ ಮಂದಿಗೆ ಅವನು ಫೋನಿನ ಒಂದು ಗ್ರೂಪು ಮಾತ್ರ. ಆ ಗ್ರೂಪಿನಲ್ಲಿ ನಡೆದ ದೊಡ್ಡ ತಪ್ಪು ಅವನ ಹೆಸರಿನ ಮೇಲಿದೆ. ಅದು ನನ್ನದು. ಅದನ್ನು ಬರೆದಿಡಬೇಕು.

ಅಮರಗೋಳದ ಅಮರೇಶಪ್ಪ ಎಂಬ ಹಿರಿಯರು ರಸೂಲನಿಗೆ ಪೆಂಡಾಲಿನ ಕೆಲಸ ಕಲಿಸಿದವರು. 2018ರಲ್ಲಿ ಅವರು ಲಿಂಗೈಕ್ಯರಾದಾಗ ಅದೇ ಸಂಜೆ ಮಣ್ಣಾಯಿತು. ರಸೂಲನಿಗೆ ಗೊತ್ತಾಗಿದ್ದು ನಾಲ್ಕು ದಿನದ ಮೇಲೆ, ಯಾರೋ ಹಗ್ಗ ಕೇಳಲು ಬಂದಾಗ. ರಸೂಲನ ಮಂದಿಯಲ್ಲೂ ನಮ್ಮ ಲಿಂಗಾಯತ ಮಂದಿಯಲ್ಲೂ ಸತ್ತವರನ್ನು ಹೂಳುತ್ತಾರೆ. ಬಂದವರೆಲ್ಲ ಕುಣಿಗೆ ಒಂದೊಂದು ಹಿಡಿ ಮಣ್ಣು ಹಾಕಿದರೇ ಋಣ ತೀರಿತು ಎಂದು ಲೆಕ್ಕ. ಐದನೆಯ ದಿನ ಅವನು ಹೋಗಿ ಗೋರಿಯ ಮೇಲೆ ಮಣ್ಣು ಹಾಕಿ ಬಂದ. ಬಂದವನು ಹಲಗೆಯ ಮೇಲೆ ಕೂತು ಅಂಗೈ ನೋಡಿಕೊಂಡ.

“ಮುಚ್ಚಿದ ಮ್ಯಾಲ ಹಾಕಿದ್ದು ಲೆಕ್ಕಕ್ಕ ಬರೂದಿಲ್ಲ ಮಾಸ್ತರ. ಮುಚ್ಚೂವಾಗ ಹಾಕಬೇಕು. ಊರಾಗ ಯಾರ ಸತ್ರೂ ಮೊದಲ ಗೊತ್ತಾಗೂದು ನನಗ. ನಮ್ಮ ಮಾಲಕರು ಸತ್ತಿದ್ದು ನನಗ ಗೊತ್ತಾಗಲಿಲ್ಲ.”

ಆ ವಾರವೇ ಗ್ರೂಪು ಹುಟ್ಟಿತು. ಹೆಸರು ‘ಮಣ್ಣಿನ ಸುದ್ದಿ’. ಅವನು ಹೇಳಬೇಕು, ನಾನು ಬರೆಯಬೇಕು. ಸತ್ತವರ ಹೆಸರು, ತಂದೆಯ ಹೆಸರು, ಊರು, ವಯಸ್ಸು, ಮಣ್ಣು ಎಲ್ಲಿ, ಎಷ್ಟು ಹೊತ್ತಿಗೆ. ಅವನದು ಒಂದೇ ಷರತ್ತು. ಪೆಂಡಾಲಿನ ಗಾಡಿಯ ಜೊತೆ ತಾನು ಹೋಗಬೇಕು, ಒಳಗೆ ಹೋಗಿ ಸತ್ತವರ ಮುಖ ನೋಡಬೇಕು, ಆಮೇಲೆ ನನಗೆ ಫೋನು ಮಾಡಬೇಕು. ಅದಕ್ಕೇ ಪ್ರತಿ ಸುದ್ದಿಯ ಕೊನೆಗೆ ‘ಮುಖ ನೋಡಿ ಹೇಳುತ್ತಿದ್ದೇವೆ’ ಎಂಬ ಸಾಲು.

ಬರಬರುತ್ತ ಒಂಬೈನೂರು ಮಂದಿ ಸೇರಿದರು. ಬುಟ್ಟಿಯಲ್ಲಿ ಬಳೆ ಹೊತ್ತು ಮಾರುತ್ತಿದ್ದ ಸುಲ್ತಾನಾಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವಳ ದಫನಿಗೆ ಎಪ್ಪತ್ತು ಗಂಡಸರು ಬಂದಿದ್ದರು. ಎಲ್ಲರೂ ಅವಳಿಂದ ಬಳೆ ಇಡಿಸಿಕೊಂಡ ಹೆಂಗಸರ ಮಕ್ಕಳು, ಗಂಡಂದಿರು. ಅಮರಗೋಳದ ಮಾರ್ಕೆಟ್ಟಿನ ಹತ್ತಿ ವ್ಯಾಪಾರಿಯೊಬ್ಬರು ವಿಭೂತಿ ಹಚ್ಚಿಕೊಂಡೇ ಬಂದು, ನನ್ನ ಕಿವಿಯಲ್ಲಿ “ಟೋಪಿ ಇಲ್ಲರಿ ಮಾಸ್ತರ, ಕರವಸ್ತ್ರ ನಡೀತದೇನು?” ಎಂದು ಕೇಳಿದರು. ನಡೆಯಿತು. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಗ್ರೂಪಿನ ಸುದ್ದಿ ಓದಿ ಒಂದೇ ಕುಣಿಯ ಎರಡು ಬದಿಗೆ ನಿಂತದ್ದನ್ನೂ ನೋಡಿದ್ದೇನೆ. ಮಾತಾಡಲಿಲ್ಲ, ಆದರೆ ಬಂದಿದ್ದರು.

ತಂಟೆಗಳೂ ಇದ್ದವು. ಸಾವಿನ ಸುದ್ದಿಯ ಕೆಳಗೆ ಒಬ್ಬ ಗುಲಾಬಿ ಹೂವಿನ ಶುಭೋದಯ ಹಾಕುವನು, ಇನ್ನೊಬ್ಬ ಪ್ಲಾಟು ಮಾರಾಟಕ್ಕಿದೆ ಎನ್ನುವನು. ರಸೂಲ ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದ. “ತಮ್ಮಾ, ಸತ್ತವರ ಮನಿ ಬಾಗಲಾಗ ನಿಂತು ಯಾರರ ಗುಡ್ ಮಾರ್ನಿಂಗ್ ಅಂತಾರೇನು? ತಗೀಯಪಾ ಅದನ್ನ.” ಅವನ ಹೆಂಡತಿ ಹಾಜರಾಬಿ ಚಹಾದ ಕಪ್ಪು ಇಡುತ್ತ ಅನ್ನುತ್ತಿದ್ದಳು: “ಇವರ ಫೋನ ಬಾರಿಸಿದ್ರ ಸಾಕು, ಓಣ್ಯಾಗಿನ ಮುದುಕರು ತಮ್ಮ ಎದಿ ಮುಟ್ಟಿ ನೋಡಕೋತಾರ.”

2023ರ ಮೇ ತಿಂಗಳು. ಮದುವೆಯ ಸುಗ್ಗಿ. ರಸೂಲ ಅಮರಗೋಳದಲ್ಲಿ ಪೆಂಡಾಲು ಕಟ್ಟಿಸುತ್ತಿದ್ದ, ಫೋನನ್ನು ಚಾರ್ಜಿಗೆ ಹಚ್ಚಿ ಅಂಗಡಿಯಲ್ಲೇ ಬಿಟ್ಟಿದ್ದ. ಹನ್ನೆರಡರ ಸುಮಾರಿಗೆ ಅದು ಬಾರಿಸಿತು. ನಾನು ಎತ್ತಿದೆ.

“ಕಾಕಾ ಇಲ್ಲೇನ್ರಿ? ನಾ ಅಮ್ಮಿನಬಾವಿ ಬಸವಕಿರಣ. ಅಪ್ಪನ್ನ ದವಾಖಾನಿಯಿಂದ ಮನಿಗೆ ತರಾಕತ್ತೇವ್ರಿ. ಮನಿ ಮುಂದ ಪೆಂಡಾಲ ಹಾಕಸ್ರಿ. ಕುರ್ಚಿ ಅರವತ್ತು. ಬ್ಯಾರೆ ಏನೂ ಬ್ಯಾಡ. ಲಗೂ ಬರ್ರಿ.”

ಬಸವಕಿರಣನ ತಂದೆ ಸಿದ್ದಲಿಂಗಪ್ಪ ಅಮ್ಮಿನಬಾವಿಯ ದೊಡ್ಡ ಒಕ್ಕಲಿನ ಮನೆಯವರು. ಅವರ ಮನೆಯ ಮೂರು ಮದುವೆಗೂ ಪೆಂಡಾಲು ರಸೂಲನದೇ. ಹತ್ತು ದಿನದಿಂದ ಅವರು ಧಾರವಾಡದ ಒಂದು ಆಸ್ಪತ್ರೆಯಲ್ಲಿದ್ದದ್ದು ನಮಗೆ ಗೊತ್ತಿತ್ತು. ಮಗನ ದನಿ ಕಟ್ಟಿತ್ತು. ಪಾತ್ರೆ ಬೇಡ, ಲೈಟು ಬೇಡ, ಮೂರು ಮಾತು. ನಾನು ಏಕೆ ಎಂದು ಕೇಳಲಿಲ್ಲ. ಹೂಂ ಎಂದೆ, ಗೋದಾಮಿನ ಆಳಿಗೆ ಹೇಳಿ ಗಾಡಿ ಬಿಡಿಸಿದೆ, ದಾರಿಯಲ್ಲಿ ಅಮರಗೋಳದಿಂದ ರಸೂಲನನ್ನು ಹತ್ತಿಸಿಕೊಳ್ಳಲು ಹೇಳಿದೆ. ಅವನಿಂದ ಅರ್ಧ ಮರ್ಯಾದೆ ಕಲಿತಿದ್ದೆ. ಉಳಿದರ್ಧ ಆ ಹೊತ್ತಿಗೆ ನೆನಪಾಗಲಿಲ್ಲ.

ನೆನಪಾಗಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಸಂಜೆಯೊಳಗೆ ಮಣ್ಣಾಗುತ್ತದೆ, ರಸೂಲ ಅಲ್ಲಿಗೆ ಹೋಗಿ ಮುಖ ನೋಡಿ ಹೇಳುವ ತನಕ ಕಾದರೆ ಹುಬ್ಬಳ್ಳಿಯವರಿಗೆ ಮುಟ್ಟಲು ಹೊತ್ತು ಸಾಲದು ಎಂದುಕೊಂಡೆ. ‘ಅಮ್ಮಿನಬಾವಿಯ ಶ್ರೀ ಸಿದ್ದಲಿಂಗಪ್ಪನವರು, ವಯಸ್ಸು 78, ಇಂದು ಲಿಂಗೈಕ್ಯರಾದರು’ ಎಂದು ಬರೆದೆ. ಕೊನೆಯ ಸಾಲನ್ನೂ ರೂಢಿಯಂತೆ ಹಾಕಿದೆ.

ಮೂರು ಗಂಟೆಗೆ ಗಾಡಿಯ ಡ್ರೈವರನ ಫೋನಿನಿಂದ ರಸೂಲನ ದನಿ ಬಂತು. ಬಹಳ ಮೆಲ್ಲಗೆ ಮಾತಾಡಿದ.

“ಮಾಸ್ತರ, ಅಜ್ಜಾರು ಕುಂತಾರ. ಗಂಜಿ ಕುಡ್ಯಾಕತ್ತಾರ.”

ಆರಾಮಾಗಿ ಮನೆಗೆ ಬರುತ್ತಿರುವ ಹಿರಿಯನನ್ನು ಮಾತಾಡಿಸಲು ಊರಿಗೂರೇ ಬರುತ್ತದೆ, ಬಂದವರಿಗೆ ಬಿಸಿಲಾಗಬಾರದು ಎಂದು ಹಾಕಿಸಿದ ಪೆಂಡಾಲು ಅದು. ಹತ್ತು ದಿನ ನಿದ್ದೆಗೆಟ್ಟಿದ್ದರಿಂದ ಮಗನ ದನಿ ಕಟ್ಟಿತ್ತು. ಹುಬ್ಬಳ್ಳಿಯಿಂದ ಹಾರ ಹಿಡಿದು ಹೋದವರು ಅಂಗಳದಲ್ಲಿ ಅಜ್ಜನನ್ನು ಕಂಡು, ಹಾರ ಬೆನ್ನ ಹಿಂದೆ ಹಿಡಿದುಕೊಂಡೇ ‘ಹೆಂಗದೀರಿ’ ಎಂದು ಕೇಳಿದರಂತೆ. ಇಷ್ಟಕ್ಕೇ ಮುಗಿದಿದ್ದರೆ ಇಂದಿಗೂ ನಗುತ್ತಿದ್ದೆವು.

ಸಿದ್ದಲಿಂಗಪ್ಪನವರ ತಂಗಿ ಬಾಳವ್ವ ಇರುವುದು ನಮ್ಮ ಬೆಂಗೇರಿಯಲ್ಲೇ. ಎಪ್ಪತ್ತು ದಾಟಿದ ಜೀವ. ನೆರೆಮನೆಯವರು ಫೋನಿನಲ್ಲಿದ್ದದ್ದನ್ನು ಓದಿ ಹೇಳಿದ ಕೂಡಲೇ, ಉಟ್ಟ ಸೀರೆಯಲ್ಲೇ ಅಳಿಯನ ಬೈಕು ಹತ್ತಿದಳು. ಅಣ್ಣನ ಮುಖ ಸಿಗುವುದೋ ಇಲ್ಲವೋ ಎಂದು ಅಳಿಯನಿಗೆ ಅವಸರ ಮಾಡಿದಳು. ಧಾರವಾಡ ದಾಟಿದ ಮೇಲೆ ರಸ್ತೆ ಉಬ್ಬಿನಲ್ಲಿ ಬೈಕು ಎಗರಿತು, ಅವಳು ಕೆಳಗೆ ಬಿದ್ದಳು. ತೊಡೆಯ ಎಲುಬು ಮುರಿಯಿತು.

ಮರುದಿನ ಬೆಳಿಗ್ಗೆ ಬಸವಕಿರಣ ಅಂಗಡಿಗೆ ಬಂದ. ಕೂಡಲಿಲ್ಲ.

“ಕಾಕಾ, ನಮ್ಮಪ್ಪ ನಿಮಗ ಏನ ಮಾಡಿದ್ದ?”

ರಸೂಲ ಎದ್ದು ನಿಂತ. “ತಪ್ಪಾತಪಾ.”

“ಮುಖಾ ನೋಡೇವಿ ಅಂತ ಬರದೀರಿ. ಯಾರ ಮುಖಾ ನೋಡಿದ್ರಿ? ನಮ್ಮತ್ತಿ ಕಾಲ ಮುರಕೊಂಡು ಬಿದ್ದಾಳ.”

ನಾನು ಬಾಯಿ ತೆರೆದೆ. ರಸೂಲ ನನ್ನ ಹೆಗಲ ಮೇಲೆ ಕೈಯಿಟ್ಟು ಒತ್ತಿದ. “ಗ್ರೂಪ ನಂದು. ಮಾತ ಕೊಟ್ಟಾಂವ ನಾನು. ನನಗ ಬೈಯಪಾ” ಎಂದ. ಬಸವಕಿರಣ ಬೈಯಲೂ ಇಲ್ಲ, ಹೊರಟುಹೋದ. ಖರೇ ಹೇಳಿರಿ ಎಂದು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕಲಿಸಿದ ನಾನು ಸುಮ್ಮನೆ ಕೂತಿದ್ದೆ.

ಅಂದು ಮಧ್ಯಾಹ್ನದಿಂದ ಬೇರೆ ಕಡೆಯ ಫೋನುಗಳು ಸುರುವಾದವು. ನಮ್ಮ ಗ್ರೂಪಿನ ಯಾರೋ ಆ ಸುದ್ದಿಯ ಚಿತ್ರ ತೆಗೆದು ಇನ್ನೊಂದು ಗ್ರೂಪಿಗೆ ಹಾಕಿದ್ದರು. ಅಲ್ಲಿಂದ ಅದು ಎಲ್ಲಿಗೆ ಹೋಯಿತೋ, ಯಾವುದೋ ಹಂತದಲ್ಲಿ ರಸೂಲನ ಫೋಟೊ, ನಂಬರು, ಪೂರ್ತಿ ಹೆಸರು ಅದಕ್ಕೆ ಅಂಟಿದವು. ಮೇಲೆ ಯಾರೋ ಬರೆದಿದ್ದರು: ‘ಬೇಕಂತಲೇ ಮಾಡಿದ್ದು. ನಮ್ಮ ಹಿರಿಯರ ಸಾವು ಬಯಸುವವನು ಇವನು.’ ನಾವು ಹೆಸರೂ ಕೇಳದ ಊರುಗಳಿಂದ, ಮುಖ ಕಾಣದವರು ಫೋನು ಮಾಡಿ ಅವನ ಜಾತಿ ಎತ್ತಿ ಬೈದರು. ಒಂದು ಸಲ ಹಾಜರಾಬಿ ಎತ್ತಿದಳು. ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತು ಮುಚ್ಚಳ ಹಾಕಿದಳು. ಮೂರು ಮದುವೆ ಮನೆಯವರು ಬೇರೆ ಪೆಂಡಾಲು ನೋಡಿಕೊಂಡರು. ಅದರಲ್ಲಿ ಒಬ್ಬರು ಹತ್ತು ವರ್ಷದ ಗಿರಾಕಿ. ಕಾರಣ ಹೇಳಲು ಅವರಿಗೂ ನಾಚಿಕೆಯಾಗಿರಬೇಕು. “ಹುಡುಗನ ಕಡೀಯವರು ಗೊತ್ತ ಮಾಡ್ಯಾರ್ರಿ” ಎಂದರು.

“ರಸೂಲ, ನಾ ಬರದದ್ದು ಅಂತ ಹೇಳಿಬಿಡತೇನಿ” ಎಂದೆ.

“ನಿಮ್ಮ ಹೆಸರು ಬಂದ್ರ ಮಾಸ್ತರಿಗೆ ವಯಸ್ಸಾತು ಅಂತಾರ, ಬಿಡತಾರ. ಆದ್ರ ಇದು ಈಗ ಆ ಮಾತಿನ ಮ್ಯಾಲ ಉಳದಿಲ್ಲರಿ. ಅವರಿಗೆ ನಾ ಬೇಕಾಗೇನಿ” ಎಂದ.

ಅವನು ಅಂದದ್ದು ನಿಜವಿತ್ತು. ಆದರೆ ನಾನು ಆ ನಿಜದ ಹಿಂದೆ ಅಡಗಿ ಕೂತೆ ಎನ್ನುವುದೂ ನಿಜ. ಮೂರನೆಯ ದಿನ ತಡೆಯಲಾಗದೆ ಅವನನ್ನು ಕರೆದುಕೊಂಡು ಬಸ್ಸಿನಲ್ಲಿ ಅಮ್ಮಿನಬಾವಿಗೆ ಹೋದೆ.

ಪೆಂಡಾಲು ಇನ್ನೂ ಇತ್ತು. ಅದರಡಿ ಹೊರಸಿನ ಮೇಲೆ ಸಿದ್ದಲಿಂಗಪ್ಪಜ್ಜ ದಿಂಬಿಗೆ ಒರಗಿದ್ದರು. ಬಸವಕಿರಣ ನಮ್ಮನ್ನು ನೋಡಿ ಮುಖ ತಿರುಗಿಸಿದ. ನಾನು ನಿಂತುಕೊಂಡೇ ಹೇಳಿದೆ: ಫೋನು ಎತ್ತಿದವನು ನಾನು, ಬರೆದವನು ನಾನು, ರಸೂಲನಿಗೆ ಇಲ್ಲಿಗೆ ಬರುವ ತನಕ ಗೊತ್ತೇ ಇರಲಿಲ್ಲ.

ಅಜ್ಜ ದಿಂಬಿನಿಂದ ಒಂದಿಷ್ಟು ಎದ್ದು ಕೂತರು. “ಮಾಸ್ತರ ಬರದದ್ದೇನ್ರಿ? ಹಂಗಾರ ಛಲೋ ಬರದಿರಬೇಕು. ಓದ್ರಿ, ಕೇಳೂಣು.”

ಓದಿದೆ. ನನ್ನ ದನಿ ನನಗೇ ಅಸಹ್ಯವಾಯಿತು.

“ಎಪ್ಪತ್ತೆಂಟು ಅಂತ ಹಾಕೀರಿ. ನನಗ ಎಪ್ಪತ್ತಾರು. ಸಾಯಿಸೂದು ಸಾಯಿಸೀರಿ, ಎರಡು ವರ್ಷ ಯಾಕ ಹೆಚ್ಚಿಗಿ ಹಾಕೀರಿ?”

ಯಾರೂ ನಗಲಿಲ್ಲ. ಅಜ್ಜನೂ ನಗಲಿಲ್ಲ. “ನಂದಿರಲಿ. ಬಾಳವ್ವನ ಕಾಲಿಗೆ ಏನಂತೀರಿ?” ಎಂದರು. ಆಮೇಲೆ ಅವರೇ ಮಗನಿಗೆ, ಫೋನು ತೆಗೆದು ನನ್ನ ಮಾತು ರೆಕಾರ್ಡು ಮಾಡಿಕೋ ಎಂದರು. “ನಾ ಅಮ್ಮಿನಬಾವಿ ಸಿದ್ದಲಿಂಗಪ್ಪ ಮಾತಾಡಾಕತ್ತೇನಿ. ಬದುಕೇನಿ. ರಸೂಲ ನಮ್ಮ ಮನಿ ಮನಿಷ್ಯಾ. ತಪ್ಪು ಮಾಡಿದಾಂವ ಬಂದು ಒಪ್ಪಿಕೊಂಡಾನ. ಇದರ ಮ್ಯಾಲ ಯಾರೂ ಮಾತ ಬೆಳಸಬ್ಯಾಡ್ರಿ” ಎಂದು ಹೇಳಿ, ಕೆಮ್ಮಿ, ಸಾಕು ಎಂದರು.

ಆ ದನಿ ನಮ್ಮ ಗ್ರೂಪಿಗೆ ಮುಟ್ಟಿತು. ಬಸವಕಿರಣ ತನಗೆ ಗೊತ್ತಿದ್ದ ಗ್ರೂಪುಗಳಿಗೆಲ್ಲ ಕಳಿಸಿದ. ಆದರೆ ಆ ಫೋಟೊ ಹೋದ ಕಡೆಗೆಲ್ಲ ಇದು ಹೋಗಲಿಲ್ಲ. ಒಂದೂವರೆ ವರ್ಷದ ಮೇಲೂ ಯಾವನೋ ಫೋನು ಮಾಡಿ ರಸೂಲನಿಗೆ ಬೈದ. “ಅಜ್ಜಾರು ಇನ್ನೂ ಬದುಕ್ಯಾರ, ನಂಬರ ಕೊಡ್ಲ್ಯಾ ತಮ್ಮಾ, ಮಾತಾಡತೀ ಏನು?” ಎಂದು ಇವನು ಕೇಳಿದ. ಆ ಕಡೆಯವನು ಫೋನು ಇಟ್ಟ.

ಬಾಳವ್ವನ ತೊಡೆಯಲ್ಲಿ ಸಲಾಕೆ ಹಾಕಿದರು. ಕೋಲು ಹಿಡಿದು ನಡೆಯುವಂತಾದಳು, ಆದರೆ ನೆಲಕ್ಕೆ ಕೂಡಲು ಬರುತ್ತಿರಲಿಲ್ಲ. ರಸೂಲ ಕೈಯಿರುವ ಕುರ್ಚಿಯೊಂದನ್ನು ಆರಿಸಿ ತಲೆಯ ಮೇಲೆ ಹೊತ್ತು ಅವಳ ಮನೆಗೆ ಒಯ್ದ. ಆಮೇಲೆ ಪ್ರತಿ ರವಿವಾರ ಹೋಗುತ್ತಿದ್ದ, ಕೆಲವು ಸಲ ನಾನೂ ಜೊತೆಗೆ. ಮೊದಲ ತಿಂಗಳು ಅವಳು ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಆಮೇಲೆ ಬಾಯಿ ಬಿಟ್ಟಳು.

“ಬಾರಪಾ ಯಮಧರ್ಮನ ಪೋಸ್ಟಮನ್. ನಂದೂ ಬರದು ಇಟ್ಟೀಯೇನು? ತೋರಸು, ತಪ್ಪಿದ್ರ ತಿದ್ದತೇನಿ.”

“ನಿನ್ನ ಸುದ್ದಿ ಬರಿಯಾಕ ಮಾಸ್ತರಿಗೆ ಕೊಡೂದಿಲ್ಲ ಬಿಡವ್ವಾ” ಎನ್ನುತ್ತಿದ್ದ ಅವನು, ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತ.

ಒಂದು ದಿನ ಅವನು ಕೇಳಿಯೇ ಬಿಟ್ಟ. “ಅವ್ವಾ, ನಿನ್ನ ಮನಿಯಿಂದ ನಾಕ ಓಣಿ ದಾಟಿದ್ರ ನನ್ನ ಅಂಗಡಿ. ಹೊರಡೂಕಿಂತ ಮೊದಲ ಒಂದ ಮಾತ ಯಾಕ ಕೇಳಲಿಲ್ಲ?”

“ರಸೂಲನ ಸುದ್ದಿ ಅಂದಮ್ಯಾಲ ಕೇಳೂದೇನಿತ್ತು?” ಎಂದಳು ಬಾಳವ್ವ.

ಮರುದಿನ ರಸೂಲ ಗ್ರೂಪಿನಲ್ಲಿ ತಾನೊಬ್ಬನೇ ಸುದ್ದಿ ಹಾಕುವಂತೆ ಮಗ ವಸೀಮನಿಂದ ಮಾಡಿಸಿದ. ಸುದ್ದಿ ಹಾಕುವ ಹಕ್ಕಿನಿಂದ ನನ್ನನ್ನೂ ತೆಗೆ ಎಂದು ನಾನೇ ಹೇಳಿದೆ, ತೆಗೆದ. ನಾನು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ನೋಡಿ ಅವನೇ ಒಂದೊಂದೇ ಅಕ್ಷರ ಒತ್ತುತ್ತಿದ್ದ. ಕೊನೆಗೆ ಹೊಸ ಸಾಲೊಂದು ಸೇರಿತು: ‘ಇದನ್ನು ಓದಿ ಹೊರಡಬೇಡಿರಿ. ಮೊದಲು ನನಗೆ ಫೋನು ಮಾಡಿ ಕೇಳಿರಿ.’ ಆ ಸಾಲಿನಿಂದ ಪ್ರತಿ ಸಾವಿಗೆ ನಲವತ್ತು ಐವತ್ತು ಫೋನು ಬರತೊಡಗಿದವು. ಊಟಕ್ಕೆ ಕೂತಾಗಲೂ ಎತ್ತುತ್ತಿದ್ದ. ಹೌದ್ರಿ, ನಾನ ನೋಡಿ ಬಂದೇನಿ, ಹೊರಡ್ರಿ, ಸಾವಕಾಶ ಬರ್ರಿ. ಹಾಜರಾಬಿ ರೇಗಿದರೆ “ಕೇಳಲಿ ಬಿಡ. ಕೇಳೂದನ್ನ ಕಲೀಲಿ” ಎನ್ನುತ್ತಿದ್ದ.

ಫೆಬ್ರುವರಿಯ ಆ ಮಂಗಳವಾರ ಬೆಳಗಿನ ನಮಾಜು ಮುಗಿಸಿ ಬಂದು ಅಂಗಡಿಯ ಬಾಗಿಲು ತೆರೆದ. ಕುರ್ಚಿ ಎಳೆದುಕೊಂಡು ಕೂತ. ವಸೀಮ ಚಹಾ ತರುವಷ್ಟರಲ್ಲಿ ಮುಗಿದಿತ್ತು.

ಒಂಬತ್ತು ಗಂಟೆಗೆ ಹಾಜರಾಬಿ ಅವನ ಫೋನು ತಂದು ನನ್ನ ಕೈಗೆ ಕೊಟ್ಟಳು. “ಮಾಸ್ತರ, ಅವರ ಮಂದಿಗೆ ಹೇಳ್ರಿ. ಅದರಾಗ ಅವರ ಬಿಟ್ರ ಯಾರಿಗೂ ಹಾಕಾಕ ಬರೂದಿಲ್ಲ.”

ನಾನು ಒಳಗೆ ಹೋದೆ. ಅವನ ಮುಖ ನೋಡಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬರೆದೆ. ರಸೂಲಸಾಬ, ತಂದೆ ಇಮಾಮಸಾಬ, ಬೆಂಗೇರಿ, ವಯಸ್ಸು 61. ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಣ್ಣು. ವಯಸ್ಸನ್ನು ವಸೀಮನಿಗೆ ಎರಡು ಸಲ ಕೇಳಿ ಹಾಕಿದೆ. ಕೊನೆಯ ಎರಡು ಸಾಲನ್ನೂ ಹಾಕಿದೆ.

ನಿಮಿಷದೊಳಗೆ ಫೋನು ಬಾರಿಸಿತು. “ಕಾಕಾ, ಇದು ಖರೇ ಏನ್ರಿ?” ಅವನ ನಂಬರಿಗೇ ಮಾಡಿ, ಅವನನ್ನೇ ಕೇಳುತ್ತಿದ್ದರು. ಕೇಳದೆ ಹೊರಡಬಾರದೆಂದು ಅವನೇ ಕಲಿಸಿದ್ದನಲ್ಲ. ಹೌದ್ರಿ, ನಾ ಮಾಸ್ತರ ಮಾತಾಡಾಕತ್ತೇನಿ, ನೋಡಿ ಬಂದೇನಿ, ಸಾವಕಾಶ ಬರ್ರಿ. ಬಸವಕಿರಣನಿಗೆ ಹಾಗೆಂದೆ. ಹತ್ತಿ ವ್ಯಾಪಾರಿಗೆ ಹಾಗೆಂದೆ. ಎಷ್ಟು ಮಂದಿಗೆ ಹೇಳಿದೆನೋ ಗೊತ್ತಿಲ್ಲ. ಆಮೇಲೆ ಬಾಳವ್ವನ ಫೋನು ಬಂತು.

“ರಸೂಲಾ, ಯಾವನೋ ನಿನ್ನ ಹೆಸರಲೇ ಸುಳ್ಳು ಹಾಕ್ಯಾನ ನೋಡಪಾ.”

“ಬಾಳವ್ವಾ, ನಾನು ಮಾಸ್ತರ.”

ಆ ಕಡೆ ಕೋಲು ನೆಲಕ್ಕೆ ಊರಿದ ಸದ್ದು ಕೇಳಿತು.

“ನೀವೊಮ್ಮೆ ಸುಳ್ಳು ಬರದಾವರು” ಎಂದಳು.

“ಹೌದವ್ವಾ.”

“ಮುಖಾ ನೋಡೀರೇನು?”

“ನೋಡೇನಿ.”

“ಇನ್ನೊಮ್ಮೆ ಹೋಗಿ ನೋಡಿ ಬರ್ರಿ. ನಾ ಫೋನ್ ಹಿಡದಿರತೇನಿ.”

ಎದ್ದು ಒಳಗೆ ಹೋದೆ. ಕೂತಿದ್ದವರು ದಾರಿ ಬಿಟ್ಟರು. ಅಷ್ಟರಲ್ಲಿ ಅವನ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು. ಎಡಭುಜ ಈಗಲೂ ಒಂದಿಷ್ಟು ಕೆಳಗೇ ಇತ್ತು. ಮೊದಲ ಸಲಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಹೊರಗೆ ಬಂದು ಫೋನು ಕಿವಿಗಿಟ್ಟುಕೊಂಡೆ.

“ನೋಡಿ ಬಂದೆ, ಅವ್ವಾ.”

“ಹಂಗಾರ ಬರತೇನಿ” ಎಂದಳು.

ಓಣಿಯಲ್ಲಿ ಪೆಂಡಾಲು ಹಾಕಿದವರು ಹುಬ್ಬಳ್ಳಿಯ ಬೇರೆ ಪೆಂಡಾಲಿನವರು. ಯಾರೂ ಹೇಳಿಕಳಿಸಿರಲಿಲ್ಲ. ಕುರ್ಚಿಗಳು ಅವನವೇ. ಬಾಳವ್ವ ಅಟೋದಲ್ಲಿ ಬಂದಳು. ಅಳಿಯ ಮೊದಲು ಅವಳನ್ನು ಇಳಿಸಿದ, ಆಮೇಲೆ ಕೈಯಿರುವ ಕುರ್ಚಿಯನ್ನು ಇಳಿಸಿದ. ಹಾಜರಾಬಿಯ ಪಕ್ಕ ಅದನ್ನು ಹಾಕಿಸಿಕೊಂಡು ಕೂತಳು, ಅವಳ ಕೈ ಹಿಡಿದುಕೊಂಡಳು.

ಖಬರಸ್ತಾನದಲ್ಲಿ ಮಣ್ಣು ಹಾಕುವುದಕ್ಕೆ ಬಹಳ ಹೊತ್ತು ಹಿಡಿಯಿತು. ಬಂದವರು ಅಷ್ಟಿದ್ದರು. ಮುಚ್ಚುವ ಮೊದಲೇ ನನ್ನ ಹಿಡಿ ಮಣ್ಣನ್ನೂ ಹಾಕಿದೆ.

ತಿರುಗಿ ಬಂದಾಗ ಕತ್ತಲಾಗುತ್ತಿತ್ತು. ಹುಡುಗರು ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿದ್ದರು. ವಸೀಮ ಕೈಯಿರುವ ಕುರ್ಚಿಯನ್ನೂ ಎತ್ತಲು ಹೋದ, ಬೆನ್ನಿಗೆ ‘ರ.ಸಾ. ಬೆಂಗೇರಿ’ ಎಂದಿತ್ತಲ್ಲ. ಬಾಳವ್ವ ಕೋಲನ್ನು ಅದಕ್ಕೆ ಅಡ್ಡ ಹಿಡಿದಳು.

“ಅದು ನಂದಪಾ. ನಿಮ್ಮಪ್ಪ ಕೊಟ್ಟದ್ದು. ಅಟೋದಾಗ ಇಡು.”